ಬೀಜ ನೋಡಿ ಚಾಕು ಬಿಗಿ ಮಾಡು

ಸಾಗರ

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಸುಲಿತ ನಡೆದಿದೆ. ನಿಮ್ಮ ಹತ್ತಿ ಜಿನ್ನಿನಲ್ಲಿ (ಹತ್ತಿಯ ಬೀಜ ಬಿಡಿಸಿ ಅರಳೆ ತೆಗೆಯೋ ಗಿರಣಿ) ಗಂಟೆಗೆ ಇನ್ನೂ ಜಾಸ್ತಿ ಅರಳೆ ಬೇಕು ಅಂತ ಮಾಲೀಕರು ಕೇಳುತ್ತಿದ್ದಾರೆ, ಮಷೀನಿನ ಚಾಕು ಬಿಗಿ ಮಾಡಲಾ ಅಂತ ಬರೆದಿದ್ದೀಯ. ಬೇಡ ಮಾರಾಯ.

ರಾಣೆಬೆನ್ನೂರು ಕಡೆ ಜಿನ್ನಿನಲ್ಲಿದ್ದಾಗ ನಾನೂ ಅದನ್ನೇ ಮಾಡಿದವನು. ಆಡುವ ಚಾಕುವನ್ನು ನಿಂತ ಚಾಕುವಿಗೆ ತೀರಾ ಹತ್ತಿರ ತಂದೆ. ಅರಳೆ ಸುರಿಯಿತು, ಎಲ್ಲರೂ ಬೆನ್ನು ತಟ್ಟಿದರು. ಸಂಜೆ ಜಾಲರಿ ಕೆಳಗಿನ ಬೀಜ ಹಿಡಿ ತುಂಬ ತೆಗೆದು ನೋಡಿದೆ. ಎಷ್ಟೋ ಬೀಜ ಸೀಳಿದ್ದವು, ಒಳಗಿನ ತಿರುಳು ಬೆರಳಿಗೆ ಎಣ್ಣೆ ಎಣ್ಣೆಯಾಗಿ ಅಂಟಿತು. ಸಿಪ್ಪೆ ಚೂರೆಲ್ಲ ಅರಳೆ ಸೇರಿತ್ತು. ನೂಲುವ ಮಿಲ್ಲಿನಲ್ಲಿ ಎಳೆ ಕಡಿಯೋದಕ್ಕೆ ಆ ಚೂರೂ ಒಂದು ಕಾರಣ. ಅಷ್ಟೇ ಅಲ್ಲ, ಬಿತ್ತನೆಗೆ ಅಂತ ಬೀಜ ವಾಪಸ್ ಕೇಳಿದ್ದ ರೈತರಿಗೆ ಏನು ಹೇಳೋದು? ನಮ್ಮ ಅಡಿಕೆ ಸುಲಿಯೋ ಮಷೀನೂ ಹಾಗೇ. ಬ್ಲೇಡ್ ಸ್ವಲ್ಪ ಒಳಗೆ ಹೋದರೆ ಅಡಿಕೆಗೇ ಗಾಯ, ರೇಟು ಬೀಳುತ್ತದೆ.

ಡಬಲ್ ರೋಲರ್ (ಎರಡು ಉರುಳೆಯ) ಜಿನ್ ಮಷೀನಿನಲ್ಲಿ ಎಳೆಯನ್ನು ಹಿಡಿದೆಳೆಯೋದು ಚರ್ಮದ ರೋಲರ್. ಚಾಕುವಿನ ಕೆಲಸ ಬೀಜವನ್ನು ತಡೆದು ತಟ್ಟಿ ಕೆಳಗೆ ಬೀಳಿಸೋದು ಮಾತ್ರ. ಅರಳೆ ಕಡಿಮೆ ಬಂದರೆ ಮೊದಲು ರೋಲರ್ ಮುಟ್ಟಿ ನೋಡು (ಮಷೀನ್ ನಿಲ್ಲಿಸಿ, ಕೈ ಜೋಪಾನ!). ಅದರ ಮೇಲಿನ ಗೀರುಗಳು ಸವೆದು ನುಣ್ಣಗಾಗಿದ್ದರೆ ಹೊಸದಾಗಿ ಕೊರೆಸು. ಅದು ಬಿಟ್ಟು ರೋಲರ್ ಮೇಲೆ ಚಾಕುವಿನ ಒತ್ತಡ ಏರಿಸಿದರೆ ರೋಲರ್ ಬಿಸಿಯಾಗುತ್ತದೆ, ಚರ್ಮದ ಪುಡಿ ಬಿಳಿ ಅರಳೆಗೆ ಸೇರುತ್ತದೆ.

ಆಮೇಲೆ ಹತ್ತಿಯ ತೇವ. ನಮ್ಮ ಮಳೆಗಾಲದ ಬಟ್ಟೆ ಥರ ಒದ್ದೆ ಇದ್ದರೆ ಹತ್ತಿ ರೋಲರಿಗೆ ಸುತ್ತಿಕೊಳ್ಳುತ್ತದೆ, ತೀರಾ ಒಣಗಿದರೆ ಎಳೆ ಮುರಿಯುತ್ತದೆ. ಸುಮಾರು 6ರಿಂದ 8 ಪರ್ಸೆಂಟ್ ಇದ್ದರೆ ಚೆನ್ನ. ಡಿಸಿಎಚ್-32 ತಳಿಯಂಥ ಉದ್ದ ಎಳೆಯ ಹತ್ತಿಗೆ ಗರಗಸದ ಜಿನ್ (ಗರಗಸದ ಹಲ್ಲಿನಿಂದ ಎಳೆ ಕೀಳೋ ಮಷೀನು) ಬೇಡವೇ ಬೇಡ, ಯಾರು ಏನೇ ಹೇಳಲಿ.

ಮಾಲೀಕರಿಗೆ ಬಾಯಲ್ಲಿ ಹೇಳಿದರೆ ಆಗಲ್ಲ. 100 ಬೀಜ ಎಣಿಸಿ ಮೇಜಿನ ಮೇಲೆ ಹರಡು, ಸೀಳಿದ್ದನ್ನು ಬೇರೆ ಮಾಡಿ ತೋರಿಸು. ಹಬ್ಬಕ್ಕೆ ಬರುವಾಗ ಒಂದೊಂದು ಮಷೀನಿನ ಬೀಜ ಒಂದೊಂದು ಹಿಡಿ ಬೇರೆ ಬೇರೆ ಕಟ್ಟಿ ತಾ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ