ವಿಡಿಯೊದಲ್ಲಿ ಪ್ರಯೋಗ ಕೆಡುವುದಿಲ್ಲ: ಮಗಳಿಗೊಂದು ಪತ್ರ

ಚಿತ್ರದುರ್ಗ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲೇ ಉತ್ತರ ಬರೆಯಲು ಕೂತೆ. ಅದು ಉದ್ದವಾಗುತ್ತಲೇ ಹೋಯಿತು, ಅದಕ್ಕೇ ಕಾಗದ ಹಿಡಿದೆ. ನೀನು ಕೇಳಿದ್ದು ಎರಡು. ಇಂಟರ್ನ್‌ಶಿಪ್‌ಗೆ ಹೋಗಿರುವ ಶಾಲೆಯಲ್ಲಿ ಮಸೂರದ ಪಾಠವನ್ನು ಸ್ಮಾರ್ಟ್ ಬೋರ್ಡಿನ ವಿಡಿಯೊದಲ್ಲೇ ಮುಗಿಸಿದರೆ ಸಾಕಾ ಅನ್ನುವುದು ಒಂದು. ಸ್ಟಾಫ್ ರೂಮಿನಲ್ಲಿ ಯಾರೋ "ಓ, ನೀನು ಕೊರೊನಾ ಬ್ಯಾಚಾ, ಓದದೇ ಪಾಸಾದವರು" ಅಂತ ನಕ್ಕಾಗ ಏನು ಹೇಳಬೇಕಿತ್ತು ಅನ್ನುವುದು ಇನ್ನೊಂದು.

ನಕ್ಕವರ ವಿಷಯ ಮೊದಲು ಮುಗಿಸುತ್ತೇನೆ. 2021ರ ಜುಲೈ 19ರಂದು ನೀವು ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಂದೇ ಬೆಳಿಗ್ಗೆ ಬರೆದಿರಿ. ಒಂದೊಂದಕ್ಕೆ 40 ಅಂಕ, ಸರಿ ಉತ್ತರದ ಚುಕ್ಕೆ ತುಂಬುವ ಓಎಂಆರ್ ಹಾಳೆ. 22ಕ್ಕೆ ಭಾಷೆಗಳು. ಅಲ್ಲಿಗೆ ಎಸ್ಸೆಸ್ಸೆಲ್ಸಿ ಮುಗೀತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಹೆಚ್ಚುಕಡಿಮೆ ಎಲ್ಲರೂ ಪಾಸು. ಮನೆಯಲ್ಲಿ ಕೂತವರನ್ನು ಪಾಸು ಮಾಡದೆ ಇನ್ನೇನು ಮಾಡಬೇಕಿತ್ತು? ನನ್ನ ಬೇಜಾರು ಬೇರೆ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಒಂದು ಮಗುವೂ ಹೃದಯದ ಚಿತ್ರ ಬರೆಯಲಿಲ್ಲ. ಸೊಟ್ಟಗಿರಲಿ, ಹೃತ್ಕರ್ಣ ಕೆಳಗೆ ಹೃತ್ಕುಕ್ಷಿ ಮೇಲೆ ಆಗಿರಲಿ, ಕೈಯಾರೆ ಬರೆದ ಚಿತ್ರದಲ್ಲಿ ಮಗುವಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಲ್ಲ ಕಾಣುತ್ತದೆ. ತುಂಬಿದ ಚುಕ್ಕೆಯಲ್ಲಿ ಏನೂ ಕಾಣುವುದಿಲ್ಲ.

ಆ ಎರಡು ವರ್ಷ ಪೂರ್ತಿ ಹಾಗೇ ಇತ್ತು. 2020ರ ಮಾರ್ಚ್ ಮಧ್ಯದಲ್ಲಿ ಶಾಲೆ ಮುಚ್ಚಿತು. ಮಳೆಗಾಲದ ಹೊತ್ತಿಗೆ ನಮಗೆ ಬಂದ ಕೆಲಸ ಪಟ್ಟಿ ಮಾಡುವುದು: ಸ್ಮಾರ್ಟ್‌ಫೋನ್ ಇರುವ ಮನೆ, ಬರೀ ಕೀಪ್ಯಾಡ್ ಫೋನ್ ಇರುವ ಮನೆ, ಏನೂ ಇಲ್ಲದ ಮನೆ. ಸ್ಮಾರ್ಟ್‌ಫೋನ್ ಇದೆ ಅಂತ ಬರೆಸಿದವರ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಸಂಜೆ ಬಂದಾಗ ಚಾರ್ಜ್ ಇಲ್ಲ, ಚಾರ್ಜ್ ಇದ್ದರೆ ಡೇಟಾ ಇಲ್ಲ. ಚಂದನದಲ್ಲಿ ಪಾಠ ಬರುತ್ತಿತ್ತು, ಚೆನ್ನಾಗಿಯೇ ಇತ್ತು, ಆ ಹೊತ್ತಿಗೆ ಕರೆಂಟ್ ಇದ್ದರೆ. ನಾನು ಗ್ರೂಪಿಗೆ ಕಳಿಸಿದ ಪಾಠಗಳ ಕೆಳಗೆ ಹೆಬ್ಬೆರಳುಗಳು ಸಾಲಾಗಿ ಬೀಳುತ್ತಿದ್ದವು. ಓಕೆ ಸರ್, ಥ್ಯಾಂಕ್ಯೂ ಸರ್. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ನನ್ನ ಪಾಠ ಇಷ್ಟು ಸಲೀಸಾಗಿ ಎಲ್ಲರಿಗೂ ಅರ್ಥವಾಗಿದ್ದೇ ಇಲ್ಲ!

ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮಕ್ಕಳು ಇರುವಲ್ಲಿಗೆ ನಾವೇ ಹೋಗುವುದು. ನನಗೆ ಸಿಕ್ಕಿದ್ದು ಒಂದು ಗುಡಿಯ ಜಗಲಿ. ಮಾಸ್ಕನ್ನು ಗದ್ದಕ್ಕೆ ಇಳಿಬಿಟ್ಟುಕೊಂಡು ಕೂತಿದ್ದ ಹುಡುಗನೊಬ್ಬ ಮೊದಲ ದಿನವೇ ಕೇಳಿದ: "ಸಾರ್, ಬರೀ ನೀರಲ್ಲಿ ಕೈ ತೊಳೆದ್ರೆ ಹೋಗಲ್ವಾ ಅದು? ಸೋಪೇ ಯಾಕೆ ಬೇಕು?" ತಿಂಗಳುಗಟ್ಟಲೆ ಆದಮೇಲೆ ಕಿವಿಗೆ ಬಿದ್ದ ಮೊದಲ ಪ್ರಶ್ನೆ ಅದು.

ಪಕ್ಕದ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಶೇಂಗಾ ಎಣ್ಣೆ, ಬಟ್ಟೆ ಸೋಪಿನ ಚೂರು ತರಿಸಿದೆ. ತಟ್ಟೆಗೆ ನೀರು, ಅದರ ಮೇಲೆ ನಾಲ್ಕು ಹನಿ ಎಣ್ಣೆ. ಬೆರಳಾಡಿಸಿದರೆ ಹನಿಗಳು ಒಡೆಯುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಒಂದಾಗುತ್ತವೆ. ಸೋಪು ಸವರಿದ ಬೆರಳು ಇಟ್ಟದ್ದೇ ತಡ, ಎಣ್ಣೆ ಅಂಚಿಗೆ ಓಡಿತು. ಆಮೇಲೆ ಚೆನ್ನಾಗಿ ಕಲಕಿದರೆ ನೀರು ಬೆಳ್ಳಗಾಗಿ ಎಣ್ಣೆ ಚೂರುಚೂರಾಯಿತು. ಕೊರೊನಾ ವೈರಾಣುವಿನ ಹೊರಹೊದಿಕೆ ಕೊಬ್ಬಿನದು. ಸೋಪಿನ ಅಣುವಿನ ಒಂದು ತುದಿಗೆ ಕೊಬ್ಬು ಬೇಕು, ಇನ್ನೊಂದಕ್ಕೆ ನೀರು. ಎಳೆದಾಟದಲ್ಲಿ ಹೊದಿಕೆ ಹರಿಯುತ್ತದೆ. 20 ಸೆಕೆಂಡ್ ಉಜ್ಜಿ ಅನ್ನುತ್ತಿದ್ದದ್ದು ಅದಕ್ಕೇ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗಿ, "ಹಂಗಾದ್ರೆ ಬೂದಿಲಿ ಬೆಳಗಿದ್ರೂ ಪಾತ್ರೆ ಜಿಡ್ಡು ಹೋಗುತ್ತಲ್ಲ ಸಾರ್, ಬೂದಿನೂ ಸೋಪಾ?" ಅಂದಳು. ಹತ್ತನೇ ಕ್ಲಾಸಿನ ಕಾರ್ಬನ್ ಪಾಠದಲ್ಲಿ ಮಿಸೆಲ್, ಅಂದರೆ ಜಿಡ್ಡನ್ನು ಸುತ್ತುವರಿದ ಸೋಪಿನ ಅಣುಗಳ ಗುಂಪಿನ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮಾರನೇ ದಿನ ಕೆಂಪು ಲಿಟ್ಮಸ್ ಒಯ್ದೆ. ಒಲೆ ಬೂದಿಯ ನೀರಿಗೆ ಅದ್ದಿದರೆ ನೀಲಿ. ಬೂದಿ ಪ್ರತ್ಯಾಮ್ಲ, ಜಿಡ್ಡಿನ ಜೊತೆ ಸೇರಿ ಅಲ್ಲೇ ಒಂದಿಷ್ಟು ಸೋಪಾಗುತ್ತದೆ, ಮಿಕ್ಕಿದ್ದು ಉಜ್ಜಾಟದ ಕೆಲಸ. ಅವಳು ಆ ನೀಲಿ ಚೂರನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು.

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಅಂತ ಸುದ್ದಿ ಬರುತ್ತಿತ್ತು, ನಿಲ್ಲಿಸಿದ್ದು ತಪ್ಪು ಅನ್ನಲಾರೆ. ಹುಡುಗರು ಶೇಂಗಾ ಕೀಳಲು, ಈರುಳ್ಳಿ ಕೊಯ್ಯಲು ಕೂಲಿಗೆ ಹೋದರು. ಒಂಬತ್ತನೇ ಕ್ಲಾಸಿನ ಒಬ್ಬಳ ಮದುವೆ ಆಗಿಹೋಗಿದ್ದು ನಮಗೆ ತಿಳಿದದ್ದೇ ಎಲ್ಲ ಮುಗಿದಮೇಲೆ. ಅವಳು ಶಾಲೆಗೆ ಮತ್ತೆ ಬರಲಿಲ್ಲ.

ಎರಡನೇ ಅಲೆ ನಿನಗೂ ನೆನಪಿದೆ. ನಮ್ಮ ಜೊತೆ ಸಂಜೆ ಟೀ ಕುಡಿಯುತ್ತಿದ್ದ ಗಣಿತದ ಮೇಷ್ಟ್ರು ಹೋದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಬರಲ್ಲ ಅಂತ ಅದೇ ಗ್ರೂಪಿನಲ್ಲಿ ಮಕ್ಕಳೇ ಕಳಿಸತೊಡಗಿದರು. ಒಬ್ಬನಿಗೆ ಫೋನ್ ಮಾಡಿ ಕೇಳಿದೆ. "ಬಿಟ್ಕೊಂಡವರೆಲ್ಲ ಚೆನ್ನಾಗಿದ್ದಾರೆ ಸಾರ್" ಅಂದ. "ಬಿಟ್ಕೊಳ್ಳದವರು?" ಅಂದೆ. ಸುಮ್ಮನಾದ. ಸ್ವಲ್ಪ ಹೊತ್ತಾದಮೇಲೆ, "ಅವರನ್ನ ಕೇಳಿಲ್ಲ ಸಾರ್" ಅಂದ. ವಿಜ್ಞಾನದಲ್ಲಿ ಅರ್ಧ ಕೆಲಸ ಅದೇ, ಬಿಟ್ಟುಕೊಳ್ಳದವರನ್ನೂ ಕೇಳುವುದು.

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಮತ್ತೆ ಬಂದ್. ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆರಳು ಮಾಯವಾಗುವುದೂ ಅದೇ ವಾರ. ಗ್ರೂಪಿಗೆ ಆಗ ಪಾಠ ಕಳಿಸಲಿಲ್ಲ, ಕೆಲಸ ಕಳಿಸಿದೆ. ಅಂಗಳದಲ್ಲಿ ಒಂದು ಗೂಟ ನೇರವಾಗಿ ನೆಡಿ, ದಿನಾ ಅತಿ ಕಡಿಮೆ ನೆರಳು ಎಷ್ಟು, ಎಷ್ಟು ಗಂಟೆಗೆ, ಬರೆದಿಡಿ. ಫೋನ್ ಇಲ್ಲದವರು ಪಕ್ಕದವರಿಗೆ ಹೇಳಿ ಕಳಿಸಿ. ಮಕ್ಕಳು ಆಗ ಚೆಲ್ಲಾಪಿಲ್ಲಿ: ಒಬ್ಬ ಮೊಳಕಾಲ್ಮೂರಿನ ಮಾವನ ಮನೆಯಲ್ಲಿ, ಇನ್ನೊಬ್ಬಳು ಹಿರಿಯೂರಿನ ಕಡೆ ಅಜ್ಜಿ ಮನೆಯಲ್ಲಿ. ಅದೇ ಅನುಕೂಲವಾಯಿತು. ಸೂರ್ಯ ಆಗ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತಿರುತ್ತಾನೆ. ದಕ್ಷಿಣಕ್ಕಿರುವ ಹಿರಿಯೂರಿನ ಗೂಟದ ನೆರಳು ಮೊದಲು ಹೋಯಿತು, ಎರಡು ಮೂರು ದಿನ ಬಿಟ್ಟು ಉತ್ತರದ ಮೊಳಕಾಲ್ಮೂರಿನದು. "ನಿಂದು ತಪ್ಪು", "ನಿನ್ನ ಗೂಟ ಸೊಟ್ಟ" ಅಂತ ಗ್ರೂಪಿನಲ್ಲಿ ಜಗಳವೋ ಜಗಳ. ಅಷ್ಟು ದಿನ ಓಕೆ ಸರ್ ಅಂದವರು! ಹನ್ನೆರಡಕ್ಕೆ ಸರಿಯಾಗಿ ನೆರಳು ಹೋಗಬೇಕಿತ್ತಲ್ಲ, 12 ಗಂಟೆ 20 ನಿಮಿಷ ದಾಟಿದಮೇಲೆ ಯಾಕೆ ಅಂತ ಇನ್ನೊಂದು ತಕರಾರು. ನಮ್ಮ ಗಡಿಯಾರ ಪೂರ್ವದ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕೆ ಸುಮಾರು ಆರು ಡಿಗ್ರಿ ದೂರ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಸಮಾಜದ ಮೇಷ್ಟ್ರ ಪಾಠ ನನಗೆ ಬಂತು. ಒಬ್ಬಳು ಮಾತ್ರ ಗೂಟ ನೆಟ್ಟಿರಲಿಲ್ಲ. ಅವರ ಹೊಲದ ಬತ್ತಿದ ಬಾವಿಯ ತಳದ ಕಲ್ಲಿನ ಮೇಲೆ ಬಿಸಿಲು ಬಿದ್ದ ದಿನವನ್ನು ಬರೆದಿಟ್ಟಿದ್ದಳು. ವರ್ಷದಲ್ಲಿ ಮಿಕ್ಕ ದಿನ ಅಲ್ಲಿ ಕತ್ತಲೇ ಇರುತ್ತೆ ಸಾರ್ ಅಂದಳು. ಇದೇ ಥರದ ಬಾವಿಯ ಸುದ್ದಿಯಿಂದ ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕಥೆಯನ್ನು ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅದು ಬರೀ ಕಥೆ ಆಗುತ್ತಿತ್ತು.

ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ಕ್ಲಾಸು ಮತ್ತೆ ತೆರೆದವು. ಒಂಬತ್ತರಲ್ಲಿ ಕೂತವರು ಕೊನೆಗೆ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತಿದ್ದು ಏಳರಲ್ಲಿ. ಆಮೇಲೆ ಕಲಿಕಾ ಚೇತರಿಕೆ ಅಂತ ಇಡೀ ವರ್ಷದ ಕಾರ್ಯಕ್ರಮವೇ ಬಂತು, ಬೇಕಾಗಿತ್ತು. ಆದರೆ ಹಾಳೆಯಲ್ಲಿ ಕಾಣದ ಕೊರತೆ ನನಗೆ ಕಂಡದ್ದು ಹತ್ತನೆಯವರಿಗೆ ಮಸೂರ ಕೈಗೆ ಕೊಟ್ಟಾಗ. ಕಿಟಕಿಯಾಚೆಗಿನ ಚಿತ್ರವನ್ನು ಕಾಗದದ ಮೇಲೆ ಹಿಡಿಯಿರಿ ಅಂದೆ. ಎಲ್ಲರೂ ವಿಡಿಯೊ ನೋಡಿದ್ದರು. ಮಸೂರ ಒಂದು ಕೈಯಲ್ಲಿ, ಕಾಗದ ಇನ್ನೊಂದರಲ್ಲಿ, ಅಲುಗಾಡದೆ ನಿಂತರು. ಕಾಗದದ ಮೇಲೆ ಮಸುಕು ಬೆಳಕು. "ಬರ್ತಿಲ್ಲ ಸಾರ್, ಮಸೂರ ಕೆಟ್ಟಿದೆ." ವಿಡಿಯೊದಲ್ಲಿ ಕಾಗದ ಮೊದಲೇ ಸರಿಯಾದ ಜಾಗದಲ್ಲಿ ಇರುತ್ತದೆ. ಅದನ್ನು ಹಿಂದೆ ಮುಂದೆ ಸರಿಸಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕೈ ಸೋತು ಒಬ್ಬನ ಕಾಗದ ಜಾರಿತು, ಆಗ ಒಂದು ಗಳಿಗೆ ಚಿತ್ರ ಮೂಡಿ ಹೋಯಿತು. ಕೂಗಿಕೊಂಡ. ಆಮೇಲೆ ಎಲ್ಲರೂ ಸರಿಸತೊಡಗಿದರು. ಗುಡ್ಡದ ಮೇಲಿನ ಗಾಳಿ ಫ್ಯಾನು ಬೆಂಕಿಕಡ್ಡಿಯಷ್ಟು ಸಣ್ಣದಾಗಿ, ತಲೆಕೆಳಗಾಗಿ ಕಾಗದದ ಮೇಲೆ ತಿರುಗುತ್ತಿತ್ತು. ಅದು ತಿರುಗುವ ದಿಕ್ಕೂ ಉಲ್ಟಾನಾ ಅಂತ ಕಿಟಕಿಯತ್ತ ಒಮ್ಮೆ, ಕಾಗದದತ್ತ ಒಮ್ಮೆ ನೋಡುತ್ತಾ ವಾದಕ್ಕಿಳಿದರು. ಪಿರಿಯಡ್ ಮುಗಿದ ಬೆಲ್ ಯಾರಿಗೂ ಕೇಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ವಿಡಿಯೊ ಹಾಕು, ಬೇಡ ಅನ್ನುವುದಿಲ್ಲ. ಆದರೆ ಕೊನೆಗೆ ಹಾಕು. ಮೊದಲು ಪ್ರಯೋಗ ಅವರ ಕೈಯಲ್ಲಿ ಚೆನ್ನಾಗಿ ಕೆಡಲಿ. ಗೈಡ್ ಮಾಡುವ ಮೇಡಂ ಟೈಮ್ ವೇಸ್ಟ್ ಅಂದಾರು. ಅವರ ಎದುರು ವಾದ ಬೇಡ, ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಿರಿಯಡ್ ನೋಡಿ ಅನ್ನು.

ನನ್ನ ಹಳೇ ಮಸೂರಗಳನ್ನು ನಾಳೆ ಕೊರಿಯರ್ ಮಾಡುತ್ತೇನೆ. ಅಮ್ಮ ಅದೇ ಡಬ್ಬಿಗೆ ಚಟ್ನಿಪುಡಿ ತುರುಕಲು ನೋಡುತ್ತಿದ್ದಾಳೆ, ಬೇರೆ ಪಾರ್ಸಲ್ ಮಾಡು ಅಂದಿದ್ದೇನೆ. ಕಪ್ಪು ಕಾಗದವೂ ಒಂದು ಇಟ್ಟಿದ್ದೇನೆ. ಚಿತ್ರ ಸರಿಯಾಗಿ ಮೂಡಿದಮೇಲೆ, ಮಸೂರದ ಅರ್ಧಕ್ಕೆ ಆ ಕಾಗದ ಅಂಟಿಸಿದರೆ ಚಿತ್ರ ಅರ್ಧ ಬರುತ್ತಾ, ಪೂರ್ತಿ ಬರುತ್ತಾ ಅಂತ ಕೇಳು. ಅಂಟಿಸುವ ಮೊದಲು ಎಲ್ಲರ ಉತ್ತರವನ್ನೂ ಬೋರ್ಡಿನ ಮೇಲೆ ಬರೆಸು. ಎಷ್ಟು ಜನ ಅರ್ಧ ಅಂದರು ಅಂತ ನನಗೆ ತಿಳಿಸು, ನಮ್ಮ ಹುಡುಗರ ಲೆಕ್ಕ ನನ್ನ ಹತ್ತಿರ ಇದೆ.

ನಿನ್ನ
ಅಪ್ಪ