ಫೋನು ಯಾರ ಹತ್ತಿರ ಇರುತ್ತೆ?

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಓದಿದೆ. ಮೂವರು ಗೆಳೆಯರು ಸೇರಿ ಈ ಹಬ್ಬದ ರಜೆಗೆ ಅಡುಗೆ ಆರ್ಡರ್ ಹಿಡಿಯಬೇಕು ಅಂತಿದ್ದೀರಿ. ಏನೇನು ಮಾಡುತ್ತೀರಿ, ಡಬ್ಬಿ ಎಂಥದ್ದು, ಹೆಸರು ಏನಿಡೋದು, ಎಲ್ಲ ಬರೆದಿದ್ದೀಯ. ಹೆಸರಿಗೇ ಒಂದೂವರೆ ಪುಟ! ಆದರೆ ಆರ್ಡರ್ ಫೋನು ಯಾರ ಹತ್ತಿರ ಇರುತ್ತೆ ಅಂತ ಬರೆದಿಲ್ಲ. ನಗಬೇಡ ಕಣೋ. ನಾವು ನಾಲ್ಕು ಜನ ಮೂರು ಸೀಸನ್ ಮಾಡಿದ್ದೇವೆ. ಈಗ ಯಾರು ಬಂದು ಸಲಹೆ ಕೇಳಿದರೂ ನಾನು ಮೊದಲು ಕೇಳುವುದು ಅದನ್ನೇ.

ನಮ್ಮಲ್ಲಿ ಮೊದಲ ವರ್ಷ ಫೋನು ಮಾತುಗಾರನ ಹತ್ತಿರ ಇತ್ತು. ನಿನಗೆ ಅವನು ಗೊತ್ತಲ್ಲ, ಸಿಟ್ಟಾಗಿ ಬಂದವರನ್ನೂ ನಗಿಸಿ ಕಳಿಸುವವನು. ಅವನೇ ಸರಿ ಅಂದುಕೊಂಡೆವು. ಅವನ ಬಾಯಲ್ಲಿ ಬಾರದ ಮಾತು ಒಂದೇ, 'ಆಗಲ್ಲ'. 60 ಜನರ ಊಟ ಒಪ್ಪಿಕೊಂಡಿದ್ದವನು, ಮೂರು ದಿನ ಬಿಟ್ಟು ಅದೇ ಮಧ್ಯಾಹ್ನಕ್ಕೆ ಇನ್ನೂ 45 ಜನರದ್ದು ಒಪ್ಪಿಕೊಂಡ. ಕೇಳಿದರೆ, 'ಹೇಗೂ ಒಲೆ ಹಚ್ಚಿರ್ತೀರಲ್ಲ, ಸ್ವಲ್ಪ ಜಾಸ್ತಿ ಹಾಕಿದ್ರಾಯ್ತು' ಅಂದ. ಅವನನ್ನೊಬ್ಬನನ್ನೇ ಬೈದು ಏನು ಬಂತು? ನಮಗೂ ಹಾಗೇ ಅನ್ನಿಸಿತ್ತು. ಅವತ್ತೇ ಹೋಗಿ 50 ಲೀಟರಿನ ಪಾತ್ರೆ ತಂದೆವು.

ಹಿಂದಿನ ರಾತ್ರಿಯೇ ಗ್ರೇವಿ ಮಾಡಿಟ್ಟೆವು. ಆಗಲೇ ಹನ್ನೆರಡು ದಾಟಿತ್ತು. ಪಾತ್ರೆ ಫ್ರಿಜ್ಜಿಗೆ ಹಿಡಿಸಲಿಲ್ಲ. ಹಿಡಿಸಿದ್ದರೂ ಅಷ್ಟು ಬಿಸಿಯನ್ನು ಒಳಗಿಟ್ಟರೆ ಫ್ರಿಜ್ಜಿನಲ್ಲಿದ್ದ ಉಳಿದದ್ದೂ ಬೆಚ್ಚಗಾಗುತ್ತಿತ್ತು. ಆರಲಿ ಅಂತ ಮುಚ್ಚಳ ಹಾಕಿ ನೆಲದ ಮೇಲಿಟ್ಟು ಮಲಗಿದೆವು. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಹೊರಮೈ ತಣ್ಣಗಿತ್ತು. ಸೌಟನ್ನು ತಳದವರೆಗೆ ಇಳಿಸಿ ತೆಗೆದರೆ ಗ್ರೇವಿ ಇನ್ನೂ ಬೆಚ್ಚಗಿತ್ತು.

ವಾಸನೆ ಚೆನ್ನಾಗಿತ್ತು, ರುಚಿಯೂ ಚೆನ್ನಾಗಿತ್ತು. ಅದೇ ಕಷ್ಟ. ಕೆಟ್ಟಿದ್ದರೆ ಸುಮ್ನೆ ಚೆಲ್ಲುತ್ತಿದ್ದೆವು. 'ಇನ್ನೊಂದು ಸಲ ಕುದಿಸಿಬಿಡೋಣ' ಅಂದ ಮಾತುಗಾರ. ನಮ್ಮಲ್ಲೊಬ್ಬಳು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿದವಳು, ಅವಳು ಪಾತ್ರೆಗೆ ಅಡ್ಡ ನಿಂತಳು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹದವಾದ ಬಿಸಿಯಲ್ಲಿ ಕೆಲವು 20 ನಿಮಿಷಕ್ಕೆ ಎರಡರಷ್ಟಾಗುತ್ತವೆ ಅಂದಳು. ಲೆಕ್ಕ ಹಾಕು. ನಾಲ್ಕು ಗಂಟೆಯಲ್ಲಿ ಒಂದು ಹೋಗಿ 4096. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಕೆಲವು ಅಷ್ಟರಲ್ಲಿ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ಚೆಲ್ಲಿದೆವು. ಇಡೀ ಪಾತ್ರೆ. ಚೆಲ್ಲುವುದಕ್ಕೂ ಅರ್ಧ ಗಂಟೆ ಬೇಕಾಯಿತು ಅಂದರೆ ನಂಬುತ್ತೀಯಾ?

ಮತ್ತೆ ಮಾಡಿದೆವು. 60 ಜನರದ್ದು ಹೇಗೋ ಹೊತ್ತಿಗೆ ಹೋಯಿತು. 45 ಜನರದ್ದು ಒಂದೂವರೆ ಗಂಟೆ ತಡ. ಅರ್ಧ ದುಡ್ಡು ವಾಪಸ್ ಕೊಟ್ಟೆವು.

ಆಮೇಲೆ ನಮಗೆ ತಿಳಿದದ್ದು ಇಷ್ಟು. ಎಷ್ಟು ಜನರಿಗೆ ಮಾಡಬಲ್ಲೆವು ಅನ್ನುವುದನ್ನು ಒಲೆ ಹೇಳುವುದಿಲ್ಲ. ಆರಿಸುವ ಜಾಗ ಹೇಳುತ್ತದೆ, ಫ್ರಿಜ್ಜು ಹೇಳುತ್ತದೆ, ಕಾರಿನ ಡಿಕ್ಕಿ ಹೇಳುತ್ತದೆ. ಪಾತ್ರೆಯ ಅಗಲ, ಎತ್ತರ ಎಲ್ಲ ಎರಡರಷ್ಟಾದರೆ ಅದು ಹಿಡಿಯುವುದು ಎಂಟರಷ್ಟು. ಬಿಸಿ ಹೊರಹೋಗುವ ಮೈ ನಾಲ್ಕರಷ್ಟು ಮಾತ್ರ. ಹಾಗಾಗಿ ಮನೆಯ ಪಾತ್ರೆಯ ಅಂದಾಜು ದೊಡ್ಡ ಪಾತ್ರೆಗೆ ನಡೆಯುವುದಿಲ್ಲ. ಈಗ ನಾವು ಐದು ಸೆಂಟಿಮೀಟರಿಗಿಂತ ಆಳವಾಗಿ ತುಂಬದೆ ತಟ್ಟೆಗಳಿಗೆ ಸುರಿದು, ಐಸ್ ನೀರಿನಲ್ಲಿ ಇಡುತ್ತೇವೆ. ಎರಡು ಗಂಟೆಯೊಳಗೆ 60ರಿಂದ 21 ಡಿಗ್ರಿಗೆ, ಅಲ್ಲಿಂದ ಇನ್ನು ನಾಲ್ಕು ಗಂಟೆಯೊಳಗೆ 5ಕ್ಕೆ ಇಳಿಯಬೇಕು. ಥರ್ಮಾಮೀಟರ್ ಚುಚ್ಚಿ ನೋಡಿ ಬರೆದಿಡುತ್ತೇವೆ, ಅಂದಾಜಿಲ್ಲ. ಅನ್ನವನ್ನಂತೂ ಹಿಂದಿನ ದಿನ ಮಾಡುವುದೇ ಇಲ್ಲ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಬದುಕುತ್ತವೆ, ಅನ್ನ ಬೆಚ್ಚಗೆ ಕೂತಿದ್ದರೆ ಎದ್ದು ಬೆಳೆಯುತ್ತವೆ. ಥರ್ಮಾಮೀಟರ್ ಕೊಳ್ಳುವವರೆಗೆ ಹೆಸರಿನ ಯೋಚನೆ ಬಿಡು ಮಾರಾಯ.

ಇನ್ನೊಂದು ಸಣ್ಣ ವಿಷಯ. ಆರು ಜನರ ಅಳತೆಯನ್ನು ಹತ್ತರಿಂದ ಗುಣಿಸಿ ನೀರು ಹಾಕಬೇಡ. ದೊಡ್ಡ ಪಾತ್ರೆಯಲ್ಲಿ ಆವಿಯಾಗುವುದು ಕಡಿಮೆ, ಕೊನೆಗೆ ತೆಳ್ಳಗಾಗಿ ಕೂರುತ್ತೆ. ಉಪ್ಪು, ಖಾರ ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ ಉಳಿದದ್ದು.

ಫೋನಿನ ಎರಡನೇ ಕಥೆ ಕೇಳು. ಒಬ್ಬ ಹೆಂಗಸು ಕರೆ ಮಾಡಿ, ಮಗನಿಗೆ ಎಳ್ಳು ಆಗುವುದಿಲ್ಲ, ನಿಮ್ಮ ಅಡುಗೆಯಲ್ಲಿ ಇದೆಯಾ ಅಂತ ಕೇಳಿದ್ದರಂತೆ. 'ಇಲ್ಲ ಇಲ್ಲ, ಏನೂ ಇಲ್ಲ' ಅಂದಿದ್ದಾನೆ ನಮ್ಮವನು. ಸುಳ್ಳು ಹೇಳಿದ್ದಲ್ಲ. ಅವನು ಅಡುಗೆಮನೆಗೆ ಕಾಲಿಟ್ಟಿದ್ದರೆ ತಾನೇ ಗೊತ್ತಿರುವುದು! ಪುಣ್ಯಕ್ಕೆ ಆ ಹೆಂಗಸು ಇನ್ನೊಂದು ಸಲ ಕರೆ ಮಾಡಿದಾಗ ಫೋನು ನನ್ನ ಪಕ್ಕದಲ್ಲಿತ್ತು. ಮಸಾಲೆಯಲ್ಲಿ ಎಳ್ಳಿತ್ತು. ಎಳ್ಳು ಹಾಕದ್ದನ್ನು ಬೇರೆ ಮಾಡಿದರೂ ಅದೇ ಸೌಟು, ಅದೇ ಹಲಗೆ ಬಳಸಿದರೆ ಆ ಹುಡುಗನಿಗೆ ಅಷ್ಟೇ ಸಾಕು. ಬೇಯಿಸಿದರೆ ಅಲರ್ಜಿ ಹೋಗುತ್ತೆ ಅನ್ನುವಂತೆಯೂ ಇಲ್ಲ. ಆರ್ಡರ್ ಬೇಡ ಅಂದೆ. ಅವರು ಥ್ಯಾಂಕ್ಸ್ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ವರ್ಷದಿಂದ ಫೋನು ನನ್ನ ಹತ್ತಿರ ಇದೆ. ಒಲೆ ಮುಂದೆ ನಿಲ್ಲುವವನಿಗೆ 'ಆಗಲ್ಲ' ಅನ್ನುವುದು ಸುಲಭ, ಕಾಲು ನೋಯುತ್ತಿರುತ್ತಲ್ಲ! ದಿನಕ್ಕೆ ಒಂದೇ ದೊಡ್ಡ ಆರ್ಡರ್. ಏಳು ದಿನ ಮುಂಚೆ ತಲೆ ಎಣಿಕೆ ಖಚಿತ, ಆಮೇಲೆ ಇಬ್ಬರು ಹೆಚ್ಚಾಗಬಹುದು, ಇಪ್ಪತ್ತು ಜನ ಅಲ್ಲ. ಅರ್ಧ ಮುಂಗಡ. ಇದರಿಂದ ನೆಂಟರಲ್ಲಿ ಇಬ್ಬರು ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಇರಲಿ.

ದುಡ್ಡಿನ ವಿಷಯ ಬರೆಯೋಕೆ ಸ್ವಲ್ಪ ಮುಜುಗರ, ಆದರೂ ಬರೆಯುತ್ತೇನೆ. ಸಾಮಾನಿನ ಖರ್ಚು ನಾವು ಹೇಳುವ ಬೆಲೆಯ ಮೂರನೇ ಒಂದು ಭಾಗದ ಸುತ್ತಮುತ್ತ ಇರಬೇಕು ಅನ್ನುವುದು ಈ ಕಸುಬಿನವರ ರೂಢಿ. ನಾವು ಮೊದಲ ವರ್ಷ ಸಾಮಾನಿನ ಬೆಲೆಯ ಮೇಲೆ ಇಷ್ಟು ಅಂತ ಸೇರಿಸಿ ಹೇಳಿಬಿಟ್ಟೆವು. ಗ್ಯಾಸು, ಪೆಟ್ರೋಲು, ಡಬ್ಬಿ, ಚೆಲ್ಲಿದ್ದು ಯಾವುದೂ ಲೆಕ್ಕದಲ್ಲಿರಲಿಲ್ಲ. ನಮ್ಮ ದುಡಿಮೆಯಂತೂ ಇರಲೇ ಇಲ್ಲ. ಕೊನೆಗೆ ಉಳಿದದ್ದನ್ನು ನಾಲ್ಕು ಸಮಪಾಲು ಮಾಡಿದೆವು. ಗೆಳೆಯರಲ್ವಾ!

ಆ ಸೂಕ್ಷ್ಮಜೀವಿಗಳ ಹುಡುಗಿ ತನ್ನ ಪಾಲು ತೆಗೆದುಕೊಂಡು ಏನೂ ಹೇಳದೆ ಹೋದಳು. ಎರಡು ತಿಂಗಳು ಸಿಗಲಿಲ್ಲ. ನಾನೇ ಹೋಗಿ ಕೇಳಿದಾಗ ಒಂದು ಪುಸ್ತಕ ತೋರಿಸಿದಳು. ಹನ್ನೊಂದು ದಿನದಲ್ಲಿ ಅವಳು ಮಾಡಿದ್ದು 118 ಗಂಟೆ. ಮಾತುಗಾರ ಮಾಡಿದ್ದು ಅವಳ ಲೆಕ್ಕದಲ್ಲಿ 30. 'ದುಡ್ಡಲ್ಲ ಕಣೋ, ಒಬ್ಬರಾದ್ರೂ ಗಮನಿಸಬಹುದಿತ್ತು' ಅಂದಳು. ನನಗೆ ಉತ್ತರ ಇರಲಿಲ್ಲ. ನನ್ನದೆಷ್ಟು ಗಂಟೆ ಅಂತ ಮಾತ್ರ ಕೇಳಲಿಲ್ಲ, ಹೆದರಿಕೆಯಾಯಿತು.

ಯಾರಿಗೆ ಎಷ್ಟು ಪಾಲು ಅಂತ ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬರೆದುಕೊಳ್ಳದಿದ್ದರೆ ಹಲವು ದೇಶಗಳ ಪಾಲುದಾರಿಕೆ ಕಾನೂನು ಲಾಭ ನಷ್ಟ ಎರಡನ್ನೂ ಸಮಪಾಲು ಮಾಡುತ್ತದೆ, ದುಡಿದದ್ದಕ್ಕೆ ಬೇರೆ ಸಂಬಳ ಕೊಡುವುದಿಲ್ಲ. ಒಬ್ಬ ಮಾಡಿದ ಸಾಲಕ್ಕೆ ಉಳಿದವರೂ ಹೊಣೆ. ಈಗ ನಾವು ಮೊದಲು ಗಂಟೆ ಲೆಕ್ಕದಲ್ಲಿ ಎಲ್ಲರಿಗೂ ಕೂಲಿ ತೆಗೆದಿಟ್ಟು, ಮಿಕ್ಕದ್ದನ್ನು ಸಮ ಹಂಚುತ್ತೇವೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಬಂದವರು ಬಂದ ಹೊತ್ತು ಬರೆಯಬೇಕು. ಮಾತುಗಾರ ಈಗ ಡಬ್ಬಿ ತಲುಪಿಸುವುದಕ್ಕೆ ಹೋಗುತ್ತಾನೆ. ಆ ಕೆಲಸಕ್ಕೆ ಅವನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ. ಬಾಗಿಲಲ್ಲಿ ಐದು ನಿಮಿಷ ನಿಂತು ಮುಂದಿನ ವರ್ಷದ ಆರ್ಡರ್ ತಂದುಬಿಡುತ್ತಾನೆ. 'ಅವನನ್ನು ಕೇಳಿ ಹೇಳ್ತೀನಿ' ಅಂತ ನನ್ನ ಕಡೆ ಬೆರಳು ತೋರಿಸುವುದನ್ನೂ ಕಲಿತಿದ್ದಾನೆ.

ಹಬ್ಬದ ದಿನ ನೀನು ಮನೆಯಲ್ಲಿ ಇರುವುದಿಲ್ಲ. ಇದನ್ನು ಮನೆಯವರಿಗೆ ಈಗಲೇ ಹೇಳಿಬಿಡು. ಕಳೆದ ವರ್ಷ ನಾನು ಮನೆಗೆ ಬಂದಾಗ ಎಲ್ಲರೂ ಮಲಗಿದ್ದರು, ತಟ್ಟೆ ಮುಚ್ಚಿಟ್ಟಿದ್ದರು. ಇಡೀ ದಿನ ಅಡುಗೆ ವಾಸನೆ ಕುಡಿದವನಿಗೆ ಅದು ಬೇಕಿರಲಿಲ್ಲ. ಮೊಸರನ್ನ ತಿಂದು ಮಲಗಿದೆ.

ನಿಮ್ಮ ಮೂವರಲ್ಲಿ ಯಾರಿಗೆ 'ಆಗಲ್ಲ' ಅನ್ನೋಕೆ ಬರುತ್ತೆ ಅಂತ ಬರೆದು ತಿಳಿಸು. ಆಮೇಲೆ, ಆ 50 ಲೀಟರಿನ ಪಾತ್ರೆ ನಮ್ಮ ಮಂಚದ ಕೆಳಗೇ ಇದೆ, ನಾವು ಮತ್ತೆ ಮುಟ್ಟಿಲ್ಲ. ಐಸ್ ನೀರು ತುಂಬಿಸಿಡೋಕೆ ಚೆನ್ನಾಗಿರುತ್ತೆ. ಬೇಕಾದರೆ ಬಂದು ತೆಗೆದುಕೊಂಡು ಹೋಗು. ಮುಚ್ಚಳ ಎಲ್ಲಿದೆಯೋ ಹುಡುಕಬೇಕು.

ನಿನ್ನ ಗೆಳೆಯ