ಕೆಸುವಿನ ತುರಿಕೆ

ಚಿ. ಪುಟ್ಟಿಗೆ, ಸಾಗರದಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾವೆಲ್ಲ ಆರಾಮ. ಮಳೆ ಮಾತ್ರ ಬಿಟ್ಟಿಲ್ಲ. ‘ಪರೀಕ್ಷೆಗೆ ಬೇಕಾದ್ದು ಬಿಟ್ಟು ಬೇರೇನೂ ಓದೋಕೆ ಆಗ್ತಿಲ್ಲ, ಏನು ಓದ್ಲಿ ಅತ್ತೆ?’ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಪುಸ್ತಕದ ಪಟ್ಟಿ ಕಳಿಸಲ್ಲ. ಹಿತ್ತಲಿಂದ ಶುರು ಮಾಡುತ್ತೇನೆ, ಬೈಕೋಬೇಡ.

ಮದುವೆಯಾಗಿ ಈ ಮನೆಗೆ ಬಂದ ಮೊದಲ ಮಳೆಗಾಲ. ಪತ್ರೊಡೆ ಮಾಡಿ ಹೊಗಳಿಸಿಕೊಳ್ಳುವ ಉಮೇದು ನನಗೆ. ತೋಟದ ಅಂಚಲ್ಲಿ ಸೊಂಪಾಗಿ ಕಂಡ ಕೆಸುವನ್ನೇ ಕೊಯ್ದು ತಂದೆ. ಹುಣಸೆಹುಳಿಯನ್ನೂ ಕೈ ಹಿಡಿದು ಕಮ್ಮಿ ಹಾಕಿದೆ. ಮೊದಲ ತುತ್ತಿಗೇ ಮಾವನವರ ಗಂಟಲು ಕೆರೆಯಿತು. ಪಾಪ, ಏನೂ ಅನ್ನದೆ ಮಜ್ಜಿಗೆ ಕೇಳಿದರು.

ಮರುದಿನ ಅತ್ತೆಯವರು ನನ್ನನ್ನು ಹಿತ್ತಲೆಲ್ಲ ಸುತ್ತಿಸಿದರು. ಮರಕೆಸು ಎಲ್ಲಿ ಸಿಗುತ್ತೆ, ಯಾವ ಕೆಸು ಮುಟ್ಟಬಾರದು, ಎಲ್ಲ ತೋರಿಸಿದರು. ಒಂದೆಲಗ ಬಾವಿಕಟ್ಟೆಯ ತೇವದಲ್ಲೇ ಹಬ್ಬಿರುತ್ತೆ. ನೆಲನೆಲ್ಲಿಯ ಕಡ್ಡಿ ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿ, ಸಾಲಾಗಿ ಪೋಣಿಸಿದ ಹಾಗೆ. ಅಷ್ಟು ವರ್ಷ ಅದನ್ನು ತುಳಿದುಕೊಂಡೇ ಓಡಾಡಿದ್ದೆ, ಮಗುಚಿ ನೋಡಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ವಿಜ್ಞಾನದ ಲೇಖನ ಕೈಗೆ ಬಂತು. ಕೆಸುವಿನ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆಯಂತೆ, ಸೂಜಿಯ ಹಾಗೆ. ಗಂಟಲಿಗೆ ಚುಚ್ಚುವುದು ಅವೇ! ಓಡಿಹೋಗಿ ಅತ್ತೆಯವರಿಗೆ ಹೇಳಿದೆ. ‘ಸೂಜಿಯೋ ದಬ್ಬಳವೋ, ಹುಳಿ ಜಾಸ್ತಿ ಹಾಕು ಅಂದಿದ್ದೆ ಅಲ್ವಾ’ ಅಂದರು.

ಅವತ್ತಿಂದ ನನಗೊಂದು ಚಾಳಿ. ಬೆಳಿಗ್ಗೆ ಕಂಡ ಗಿಡದ ಬಾಲ ಹಿಡಿದು ರಾತ್ರಿ ಏನಾದರೂ ಓದುತ್ತೇನೆ. ರಸ್ತೆ ಬದಿಯ ಕಾಂಗ್ರೆಸ್ ಗಿಡ ನೋಡು. ಅಮೆರಿಕ ಖಂಡದಿಂದ ಬಂದದ್ದು, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅದರ ಎಲೆ ತಿನ್ನಲಿ ಅಂತ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಇದನ್ನು ಓದಿದವಳು ಭೂಪಟ ತೆಗೆಯದೆ ಇರೋಕಾಗುತ್ತಾ? ಭೂಪಟದಿಂದ ಇತಿಹಾಸಕ್ಕೆ ಹೋದೆ. ತುಂಬೆ ಹೂವಿನಿಂದ ಪದ್ಯಕ್ಕೆ ಹೋದದ್ದೂ ಉಂಟು. ಒಮ್ಮೆ ಇಡೀ ವಾರ ನನ್ನಜ್ಜಿಯ ಅಡುಗೆ ಲೆಕ್ಕದ ಪುಸ್ತಕವನ್ನೇ ಓದಿದೆ, ಅಕ್ಷರ ಕೂಡಿಸಿಕೊಂಡು.

ನಿನಗೆ ಹೇಳೋದು ಇಷ್ಟೇ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ನಿನ್ನೆ ಓದಿದ ಜಾತಿಯದ್ದು ಇವತ್ತು ಬೇಡ. ಬರೀ ಪರೀಕ್ಷೆಯದ್ದೇ ತುಂಬಿಕೊಂಡರೆ ತಲೆ ನಮ್ಮ ಅಡಿಕೆ ತೋಟದ ಹಾಗಾಗುತ್ತೆ. ಎಲ್ಲಾ ಒಂದೇ ಬೆಳೆ, ನೋಡೋಕೆ ಚೆಂದ, ಕೊಳೆರೋಗ ಬಂದ ವರ್ಷ ಗೊತ್ತಾಗುತ್ತೆ. (ಇದನ್ನು ನಿನ್ನ ಮಾವನಿಗೆ ಹೇಳಬೇಡ.)

ನಿನ್ನ ಪಿ.ಜಿ.ಯ ಕಾಂಪೌಂಡ್ ಬುಡದಲ್ಲೂ ನಾಲ್ಕು ಗಿಡ ಇದ್ದೇ ಇರುತ್ತೆ. ಒಂದನ್ನು ಹಿಡಿದುಕೋ. ಹೂವು ಯಾವಾಗ ಬಿಡುತ್ತೆ, ಯಾವ ಹುಳ ಬರುತ್ತೆ, ಬರೆದಿಡು. ಫೋನ್ ಹೆಸರು ಹೇಳಿತು ಅಂತ ಬಾಯಿಗೆ ಮಾತ್ರ ಹಾಕಬೇಡ. ಮಾವನವರ ಗಂಟಲು ನೆನಪಿರಲಿ.

ದಸರಾ ರಜೆಗೆ ಬರುವಾಗ ಒಂದು ಭೂತಗನ್ನಡಿ ತಾ. ನನ್ನದಕ್ಕೆ ಗೀಚು ಬಿದ್ದಿದೆ.

ಇಂತಿ,
ನಿನ್ನ ಅತ್ತೆ